ಕೋಕೋ ಮೂಟೆಯ ಹಿಂದಿನ ತೋಟ: ಮೂಲ ಪತ್ತೆಯ ನೂರು ವರ್ಷದ ಗೊಂದಲ

ಮುಂದೆ ಕೊಡುವ ಸರಕಿಗೆ ಇಂದೇ ದರ ಕುದುರಿಸುವ ಲಂಡನ್ ಮತ್ತು ನ್ಯೂಯಾರ್ಕ್ ಫ್ಯೂಚರ್ಸ್ ಪೇಟೆಗಳಲ್ಲಿ ಕೋಕೋದ ಒಂದು ಒಪ್ಪಂದ ಎಂದರೆ 10 ಟನ್. ಪಶ್ಚಿಮ ಆಫ್ರಿಕಾದ ಸಣ್ಣ ರೈತನಿಗೆ ಒಂದು ಹೆಕ್ಟೇರಿನಿಂದ ವರ್ಷಕ್ಕೆ 400–500 ಕಿಲೋ ಒಣ ಬೀಜ ಸಿಕ್ಕರೆ ಅದೇ ಹೆಚ್ಚು. ತೋಟ ಎರಡು-ಮೂರು ಹೆಕ್ಟೇರಿನದು. ಅಂದರೆ ಒಂದೇ ಒಪ್ಪಂದ ತುಂಬಲು ಎಂಟು-ಹತ್ತು ಮನೆಗಳ ಇಡೀ ವರ್ಷದ ಫಸಲು ಬೆರೆಯಬೇಕು. ಬೆರೆಸುವುದರಲ್ಲಿ ತಪ್ಪಿಲ್ಲ. ಆದರೆ ಬೆರೆಸುವಾಗ ಯಾರ ಬೀಜ ಯಾವುದು ಎಂಬ ಮಾಹಿತಿ ಅಳಿಸಿಹೋದರೂ ಯಾರಿಗೂ ನಷ್ಟವಾಗದ ಹಾಗೆ ಈ ವ್ಯಾಪಾರ ಬೆಳೆದುಬಂತು. ಸುಸ್ಥಿರ ಕೋಕೋ ಬೇಕೆನ್ನುವ ಖರೀದಿದಾರ ಇವತ್ತು ಹೆಣಗುತ್ತಿರುವುದು ಆ ಬೆರಕೆಯನ್ನು ಬಿಡಿಸಲು.

ಬೀಜ ಎಲ್ಲಿಯದು ಎಂಬ ಪ್ರಶ್ನೆ ಮೊದಲು ಜೋರಾಗಿ ಎದ್ದದ್ದು ಪೋರ್ಚುಗೀಸರ ವಸಾಹತಾಗಿದ್ದ ಸಾವೊ ಟೋಮೆ ಮತ್ತು ಪ್ರಿನ್ಸಿಪೆ ದ್ವೀಪಗಳ ಬಗ್ಗೆ. ಅಂಗೋಲಾದಿಂದ ಒಯ್ದ ಕೂಲಿಗಳನ್ನು ಅಲ್ಲಿ ಗುಲಾಮರಂತೆ ದುಡಿಸುತ್ತಿದ್ದ ಸಂಗತಿಯನ್ನು ಪತ್ರಕರ್ತ ಹೆನ್ರಿ ನೆವಿನ್ಸನ್ ಬಯಲಿಗೆ ತಂದ. ಕ್ಯಾಡ್ಬರಿ ಮತ್ತಿತರ ತಯಾರಕರು 1909ರಲ್ಲಿ ಆ ದ್ವೀಪಗಳ ಬೀಜವನ್ನು ಬಹಿಷ್ಕರಿಸಿದರು. ಗಮನಿಸಬೇಕಾದದ್ದು ಅವರು ಆಮೇಲೆ ಮಾಡಿದ್ದನ್ನು: ಅಲ್ಲಿನ ತೋಟಗಳನ್ನು ಸುಧಾರಿಸುವ ಬದಲು ಖರೀದಿಯನ್ನೇ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ವರ್ಗಾಯಿಸಿದರು. ದೂರು ಬಂದಾಗ ಮೂಲವನ್ನೇ ಬದಲಿಸುವ ಈ ಚಾಳಿ ಇನ್ನೂ ಹೋಗಿಲ್ಲ.

ಗೋಲ್ಡ್ ಕೋಸ್ಟಿನಲ್ಲಿ ಎಸ್ಟೇಟುಗಳಿಗಿಂತ ಸಣ್ಣ ರೈತರೇ ಹೆಚ್ಚು. ಯುರೋಪಿನ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ದರ ಇಳಿಸಿದಾಗ ಅವರು 1937–38ರಲ್ಲಿ ಬೀಜ ಮಾರುವುದನ್ನೇ ನಿಲ್ಲಿಸಿದರು. ಅದರ ನೆನಪಿನಲ್ಲೇ 1947ರಲ್ಲಿ ಕೋಕೋ ಮಾರುಕಟ್ಟೆ ಮಂಡಳಿ ಹುಟ್ಟಿತು. ದರ ನಿಗದಿ, ದರ್ಜೆ ಪರೀಕ್ಷೆ, ಮೂಟೆಗೆ ಮೊಹರು ಎಲ್ಲವೂ ಸರ್ಕಾರದ ಕೈಗೆ ಹೋದವು. ಘಾನಾ ಬೀಜಕ್ಕೆ ಇಂದಿಗೂ ಇರುವ ಗುಣಮಟ್ಟದ ಹೆಸರು ಈ ವ್ಯವಸ್ಥೆಯ ಫಲ. ಆದರೆ ಮೊಹರು ಹೇಳುತ್ತಿದ್ದದ್ದು ಜಿಲ್ಲೆ ಮತ್ತು ದರ್ಜೆಯನ್ನು ಮಾತ್ರ, ತೋಟವನ್ನಲ್ಲ.

ಐವರಿ ಕೋಸ್ಟಿನಲ್ಲಿ ಅಷ್ಟೂ ಉಳಿಯಲಿಲ್ಲ. ದರ ಸ್ಥಿರೀಕರಣದ ಸರ್ಕಾರಿ ಸಂಸ್ಥೆಯನ್ನು 1999ರಲ್ಲಿ ಮುಚ್ಚಲಾಯಿತು. 2000ದಲ್ಲಿ ಜಾಗತಿಕ ದರ ಟನ್ನಿಗೆ 1,000 ಡಾಲರಿಗಿಂತ ಕೆಳಗಿಳಿಯಿತು. ಹಳ್ಳಿಯಿಂದ ಹಳ್ಳಿಗೆ ತಿರುಗಿ ನಗದಿಗೆ ಬೀಜ ಕೊಳ್ಳುವ ಪಿಸ್ಟರ್‌ ಎಂಬ ದಲ್ಲಾಳಿಗಳೇ ರೈತನ ಮುಖ್ಯ ಕೊಂಡಿಯಾದರು. ಅವರ ಲಾರಿ ಹತ್ತಿದ ಮೇಲೆ ಬೀಜದ ಊರು ಕೇಳುವಂತಿಲ್ಲ. ಬಾಲಕಾರ್ಮಿಕರ ಸುದ್ದಿ ಬಂದದ್ದು ಇದೇ ಹೊತ್ತಿಗೆ. ಅಮೆರಿಕದ ಇಬ್ಬರು ಸಂಸದರ ಹೆಸರಿನ 2001ರ ಹಾರ್ಕಿನ್–ಎಂಗೆಲ್ ಒಪ್ಪಂದದಲ್ಲಿ, ಬಾಲಕಾರ್ಮಿಕ ಪದ್ಧತಿ ತಡೆಯುವುದಾಗಿ ಚಾಕೊಲೇಟ್ ಉದ್ಯಮ ಕೊಟ್ಟ ಮಾತಿಗೆ 2005ರ ಗಡುವಿತ್ತು. ಅದು ತಪ್ಪಿತು, ಮತ್ತೆ ಮುಂದಕ್ಕೆ ಹೋಯಿತು. ಶಿಕಾಗೋ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಘಾನಾ ಮತ್ತು ಐವರಿ ಕೋಸ್ಟ್ ಎರಡೂ ದೇಶಗಳ ಕೋಕೋ ಕೆಲಸದಲ್ಲಿದ್ದ ಬಾಲಕಾರ್ಮಿಕರು ಸುಮಾರು 15.6 ಲಕ್ಷ. ತೋಟ ಯಾವುದೆಂದೇ ತಿಳಿಯದಿದ್ದರೆ ಮಗುವನ್ನು ಹುಡುಕುವುದೆಲ್ಲಿ?

ಉತ್ತರವಾಗಿ ಬಂದದ್ದು ಪ್ರಮಾಣಪತ್ರ. ಫೇರ್‌ಟ್ರೇಡ್, ಯುಟಿಜೆಡ್, ರೇನ್‌ಫಾರೆಸ್ಟ್ ಅಲೈಯನ್ಸ್ ಮುದ್ರೆಗಳು ಹಬ್ಬಿದವು. ಕೊನೆಯ ಎರಡು 2018ರಲ್ಲಿ ಒಂದಾದವು. ಆದರೆ ಮುದ್ರೆಯ ಹೆಚ್ಚಿನ ಭಾಗ ನಡೆಯುವುದು ಮಾಸ್ ಬ್ಯಾಲೆನ್ಸ್ ಲೆಕ್ಕದಲ್ಲಿ. ಕಾರ್ಖಾನೆಯೊಂದು 100 ಟನ್ ಪ್ರಮಾಣಿತ ಬೀಜವನ್ನು 400 ಟನ್ ಸಾಮಾನ್ಯ ಬೀಜದ ಜತೆ ಅರೆದರೂ, 100 ಟನ್ನಿಗೆ ಸಮನಾದ ಉತ್ಪನ್ನಕ್ಕೆ ಮುದ್ರೆ ಒತ್ತಬಹುದು. ಇದನ್ನು ಮೋಸ ಎನ್ನಲಾಗದು. ಅರೆಯುವ ಯಂತ್ರಗಳು ಬಿಡುವಿಲ್ಲದೆ ಓಡುತ್ತವೆ. ಪ್ರತಿ ಸರಕಿಗೂ ನಿಲ್ಲಿಸಿ ತೊಳೆದರೆ ಖರ್ಚು ಏರುತ್ತದೆ. ರೈತನಿಗೆ ಪ್ರೀಮಿಯಂ, ಅಂದರೆ ಪ್ರಮಾಣಿತ ಬೀಜದ ಹೆಚ್ಚುವರಿ ಹಣ, ತಲುಪಿದರೆ ಸಾಕು ಎಂಬುದು ಇದರ ತರ್ಕ. ಬೀಜ ಎಲ್ಲಿಂದ ಬಂತು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಬೆರಕೆಯಿಂದ ಕೆಡುವುದು ಲೆಕ್ಕಪತ್ರವಷ್ಟೇ ಅಲ್ಲ. ಒಂದು ಕಿಲೋ ಒಣ ಬೀಜಕ್ಕೆ 20–25 ಕಾಯಿ ಬೇಕು. ಲೋಳೆ ಸಮೇತ ತೆಗೆದ ಬೀಜವನ್ನು ಬಾಳೆ ಎಲೆ ಮುಚ್ಚಿದ ರಾಶಿಯಲ್ಲೋ ಮರದ ಪೆಟ್ಟಿಗೆಯಲ್ಲೋ ಐದಾರು ದಿನ ಹುದುಗಲು ಬಿಡಬೇಕು, ಎರಡು ದಿನಕ್ಕೊಮ್ಮೆ ತಿರುವಬೇಕು. ಒಳಗಿನ ಬಿಸಿ 45–50 ಡಿಗ್ರಿ ಮುಟ್ಟಿದರೆ ಮೊಳಕೆ ಸತ್ತು, ಚಾಕೊಲೇಟ್ ಪರಿಮಳದ ಮೂಲದ್ರವ್ಯಗಳು ಹುಟ್ಟುತ್ತವೆ. ರಾಶಿ ಚಿಕ್ಕದಾದರೆ ಬಿಸಿಯೇ ಏರುವುದಿಲ್ಲ; ಬೀಜ ನೇರಳೆ ಅಥವಾ ಸ್ಲೇಟಿನ ಬಣ್ಣದಲ್ಲೇ ಉಳಿದು ಒಗರು ಬರುತ್ತದೆ. ದಿನ ಹೆಚ್ಚಾದರೆ ಕೊಳೆತ ವಾಸನೆ. ಆಮೇಲೆ ಬಿಸಿಲಿನಲ್ಲಿ ಸುಮಾರು ಒಂದು ವಾರ ಒಣಗಿಸಿ ತೇವಾಂಶವನ್ನು ಶೇ 7ರ ಆಸುಪಾಸಿಗೆ ಇಳಿಸಬೇಕು. ಶೇ 8 ದಾಟಿದರೆ ಬೂಷ್ಟು, 6ಕ್ಕಿಂತ ಇಳಿದರೆ ಬೀಜ ಪುಡಿಯಾಗುತ್ತದೆ. ಅವಸರಕ್ಕೆ ಕಟ್ಟಿಗೆ ಬೆಂಕಿ ಹಾಕಿದವರ ಬೀಜಕ್ಕೆ ಹೊಗೆ ವಾಸನೆ ಹತ್ತುತ್ತದೆ, ಅದನ್ನು ಯಾವ ಕಾರ್ಖಾನೆಯೂ ತೆಗೆಯಲಾರದು. ಹೀಗೆ ಕೆಟ್ಟ ಒಬ್ಬನ ಮೂಟೆ ಗೋದಾಮಿನಲ್ಲಿ ಹತ್ತು ಜನರ ಒಳ್ಳೆಯ ಬೀಜಕ್ಕೆ ಬೆರೆತರೆ, ಚೆನ್ನಾಗಿ ಹುದುಗಿಸಿದವನಿಗೆ ಪ್ರತಿಫಲವೂ ಇಲ್ಲ, ಕೆಡಿಸಿದವನಿಗೆ ಸುದ್ದಿಯೂ ಇಲ್ಲ.

ಇದಕ್ಕೇ ಅನುಭವಿ ಖರೀದಿದಾರರು ಬೀಜ ಬಂದರಿಗೆ ಬರುವವರೆಗೆ ಕಾಯದೆ ರೈತರ ಸಂಘದ ಗೋದಾಮಿನಲ್ಲೇ ಸೀಳು ಪರೀಕ್ಷೆ ಮಾಡಿಸುತ್ತಾರೆ: 300 ಬೀಜಗಳನ್ನು ಉದ್ದಕ್ಕೆ ಸೀಳಿ ಬಣ್ಣ, ಬೂಷ್ಟು, ಹುಳು ಎಣಿಸುವುದು. ಉತ್ತಮ ದರ್ಜೆಗೆ ಸ್ಲೇಟು ಬಣ್ಣದ್ದು ಶೇ 5ರೊಳಗೆ, ದೋಷವಿರುವುದು ಶೇ 5ರೊಳಗೆ ಇರಬೇಕು. ಲ್ಯಾಟಿನ್ ಅಮೆರಿಕದ ಬೀಜವಾದರೆ ಕ್ಯಾಡ್ಮಿಯಂ ಪರೀಕ್ಷೆಯನ್ನು ಬಿಡಬಾರದು. ಅಲ್ಲಿನ ಕೆಲವು ಮಣ್ಣುಗಳಲ್ಲಿ ಆ ವಿಷಕಾರಿ ಲೋಹ ಹೆಚ್ಚು, ಶೇ 50 ಅಥವಾ ಹೆಚ್ಚು ಕೋಕೋ ಇರುವ ಚಾಕೊಲೇಟಿಗೆ ಯುರೋಪಿನ ಮಿತಿ ಕಿಲೋಗೆ 0.80 ಮಿಲಿಗ್ರಾಂ. ಕಂಟೇನರಿಗೆ ತುಂಬುವಾಗ ಗೋಡೆಗೆ ಕ್ರಾಫ್ಟ್ ಕಾಗದ, ತೇವ ಹೀರುವ ಚೀಲ ಬೇಕೇಬೇಕು. ಬಿಸಿ ಬಂದರಿನಿಂದ ತಣ್ಣನೆಯ ಬಂದರಿಗೆ ಹೋಗುವಾಗ ಛಾವಣಿಯಲ್ಲಿ ಹನಿಗಟ್ಟಿದ ನೀರು ಮೇಲಿನ ಮೂಟೆಗಳನ್ನು ಹಾಳುಮಾಡುತ್ತದೆ.

ಬೆರಕೆಗೆ ಕಾನೂನಿನ ಅಡ್ಡಿ ಬಂದದ್ದು ಕಾಡಿನ ಕಾರಣದಿಂದ. ಐವರಿ ಕೋಸ್ಟಿನ ಅರಣ್ಯ 1960ರ ಸುಮಾರು 1.6 ಕೋಟಿ ಹೆಕ್ಟೇರಿನಿಂದ 30 ಲಕ್ಷದ ಆಸುಪಾಸಿಗೆ ಕುಸಿದಿದೆ. ಕೋಕೋ ಅದರ ದೊಡ್ಡ ಕಾರಣಗಳಲ್ಲೊಂದು. 2023ರ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕೋಕೋ ಒಳಗೆ ಬರುವಂತಿಲ್ಲ. ಪ್ರತಿ ತುಂಡು ಭೂಮಿಯ ಸ್ಥಾನ ಬೇಕು: 4 ಹೆಕ್ಟೇರಿನವರೆಗೆ ಆರು ದಶಮಾಂಶ ಸ್ಥಾನಗಳ ಅಕ್ಷಾಂಶ–ರೇಖಾಂಶವಿರುವ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಗಡಿಯ ಪೂರ್ಣ ನಕ್ಷೆ. ಮೂಲ ತಿಳಿಯದ ಬೀಜ ಸ್ವಲ್ಪ ಬೆರೆತರೂ ಇಡೀ ಸರಕು ಅನರ್ಹ. ಜಾರಿ ದಿನಾಂಕ ಎರಡು ಬಾರಿ ಮುಂದೂಡಲ್ಪಟ್ಟು, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದಾಗಿದೆ.

ನಕ್ಷೆಯ ಕಡತ ಕೈಸೇರಿದ ಮಾತ್ರಕ್ಕೆ ನಂಬಬಾರದು. ಸಮೀಕ್ಷಕ ತೋಟಕ್ಕೆ ನಡೆಯದೆ ರೈತನ ಮನೆಯಂಗಳದಲ್ಲೇ ಜಿಪಿಎಸ್ ಒತ್ತಿರುತ್ತಾನೆ. ಅಕ್ಷಾಂಶ–ರೇಖಾಂಶ ಅದಲುಬದಲಾಗಿ ಬಿಂದು ಸಮುದ್ರಕ್ಕೆ ಬೀಳುತ್ತದೆ. ಎರಡು ಸಂಘಗಳ ಪಟ್ಟಿಯಲ್ಲಿ ಒಂದೇ ತೋಟ ಕಾಣುತ್ತದೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಗುಣಾಕಾರ: ಎರಡು ಹೆಕ್ಟೇರಿನ ತೋಟದ ಹೆಸರಲ್ಲಿ ಐದು ಟನ್ ಬೀಜ ದಾಖಲಾಗಿದ್ದರೆ ಯಾರದೋ ಬೀಜ ಒಳಗೆ ಸೇರಿದೆ. ಉಪಗ್ರಹ ಚಿತ್ರವೂ ಎಡವುತ್ತದೆ. ನೆರಳು ಮರಗಳಡಿಯ ಹಳೆಯ ಕೋಕೋ ತೋಟವನ್ನು ಅದು ಕಾಡು ಎಂದೇ ಓದುವುದುಂಟು, ಹಾಗಾಗಿ ಪರಿಸರಕ್ಕೆ ಒಳ್ಳೆಯದು ಮಾಡಿದವನೇ ಮೊದಲು ಸಂಶಯಕ್ಕೆ ಸಿಕ್ಕುತ್ತಾನೆ.

ಮೂಲ ಪತ್ತೆಯ ಈ ಎಲ್ಲ ಜಾಲವನ್ನೂ ಹರಿದು ಹಾಕಬಲ್ಲದ್ದು ದರ. ಘಾನಾ ಮತ್ತು ಐವರಿ ಕೋಸ್ಟ್ 2020–21ರ ಹಂಗಾಮಿನಿಂದ ರೈತನ ಆದಾಯ ಬದುಕಲು ಸಾಲುವಷ್ಟಾಗಲೆಂದು ಟನ್ನಿಗೆ 400 ಡಾಲರ್ ಜೀವನಾದಾಯ ವ್ಯತ್ಯಾಸ ಶುಲ್ಕ ಹೇರಿದವು. ಅದನ್ನು ಕೊಟ್ಟ ಖರೀದಿದಾರರು ಪೇಟೆ ದರದ ಮೇಲೆ ದೇಶದ ಹೆಸರಿಗೆ ಸಿಗುತ್ತಿದ್ದ ಹೆಚ್ಚುವರಿ ದರವನ್ನು ಸೊನ್ನೆಗಿಂತ ಕೆಳಗಿಳಿಸಿ ಸರಿದೂಗಿಸಿಕೊಂಡರು. ನಂತರ ಹವಾಮಾನ, ಕಪ್ಪುಕಾಯಿ ರೋಗ, ಹಿಟ್ಟುತಿಗಣೆ ಹರಡುವ ಊದುಚಿಗುರು ವೈರಸ್ ಸೇರಿ ಫಸಲು ಕುಸಿದು, 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ದರ ಟನ್ನಿಗೆ 12,000 ಡಾಲರ್ ದಾಟಿತು. ಆಗ ಐವರಿ ಕೋಸ್ಟಿನ ರೈತನಿಗೆ ನಿಗದಿಯಾಗಿದ್ದದ್ದು ಕಿಲೋಗೆ 1,800 ಸಿಎಫ್‌ಎ ಫ್ರಾಂಕ್, ಟನ್ನಿಗೆ ಹೆಚ್ಚುಕಡಿಮೆ 3,000 ಡಾಲರ್. ಸರ್ಕಾರ ಮೊದಲೇ ಮುಂಗಡ ಮಾರಾಟ ಮಾಡುವುದರಿಂದ ಏರಿಕೆ ಅವನಿಗೆ ತಡವಾಗಿ ಮುಟ್ಟುತ್ತದೆ. ಹೆಚ್ಚಿನ ದರ ಹುಡುಕಿಕೊಂಡು ಬೀಜ ಕಳ್ಳದಾರಿಯಲ್ಲಿ ಗಿನಿ, ಲೈಬೀರಿಯಾ ಗಡಿ ದಾಟಿತು. ಗಡಿ ದಾಟಿದ ಮೂಟೆಗೆ ತೋಟದ ನಕ್ಷೆ ಅಂಟಿಕೊಂಡಿರುವುದಿಲ್ಲ.

ಆದ್ದರಿಂದ ಒಪ್ಪಂದ ಬರೆಯುವವರು ನಕ್ಷೆಯ ಖರ್ಚಿನಷ್ಟೇ ಗಮನವನ್ನು ಅದರ ಒಡೆತನಕ್ಕೂ ಕೊಡಬೇಕು. ಈಗ ಕಂಪನಿಗಳು ತಮ್ಮ ತಮ್ಮ ನಕ್ಷೆ ಮಾಡಿಸಿ ಬೀಗ ಹಾಕಿಟ್ಟುಕೊಳ್ಳುವುದರಿಂದ, ರೈತ ಬೇರೆಯವರಿಗೆ ಮಾರಿದರೆ ಅದೇ ತೋಟವನ್ನು ಮತ್ತೆ ಅಳೆಯಬೇಕು. ಒಂದು ಹಂಗಾಮಿಗೆ ಬದಲು ಎರಡು-ಮೂರು ಹಂಗಾಮಿನ ಖರೀದಿ ಭರವಸೆ, ಬೀಜದ ದರದಿಂದ ಪ್ರತ್ಯೇಕವಾಗಿ ನೇರ ರೈತನ ಖಾತೆಗೆ ಪ್ರೀಮಿಯಂ, ಸಂಘದ ಬಳಿಯೇ ಉಳಿಯುವ ನಕ್ಷೆಯ ಪ್ರತಿ: ಈ ಮೂರನ್ನೂ ಬರವಣಿಗೆಯಲ್ಲಿ ಹಾಕಿಸಿಕೊಂಡ ಸಂಘಕ್ಕೆ ಮುಂದಿನ ಹಂಗಾಮಿನಲ್ಲಿ ಖರೀದಿದಾರನನ್ನು ಆರಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ.