ಎಲ್ಲರೂ ಮೇಲೆ ನೋಡುವಾಗ

ಮೇಲಿನಿಂದ ಇಳಿಬಿಟ್ಟ ಬಟ್ಟೆಯನ್ನು ಹಿಡಿದು ಗಾಳಿಯಲ್ಲಿ ಆಡುವ ಸರ್ಕಸ್ ಪ್ರದರ್ಶನದ ದಿನ ನಾವು ಇಬ್ಬರು ರಿಗ್ಗರ್‌ಗಳು, ಅಂದರೆ ಆ ಬಟ್ಟೆಯನ್ನು ಭದ್ರವಾಗಿ ಕಟ್ಟಿ ಕಾಯುವವರು, ಇರುತ್ತೇವೆ. ಒಬ್ಬರು ಬಟ್ಟೆಯನ್ನು ಏರಿಸಿ ಇಳಿಸುವ ವಿಂಚ್ ಯಂತ್ರದ ಪಕ್ಕದಲ್ಲಿ, ಕಲಾವಿದೆಯ ಮೇಲಿಟ್ಟ ಕಣ್ಣು ಕೀಳದೆ ನಿಲ್ಲುತ್ತಾರೆ. ಇನ್ನೊಬ್ಬರ ಜಾಗ ಜನರ ನಡುವೆ. ಕುರ್ಚಿಗಳಿಲ್ಲದೆ, ಪ್ರೇಕ್ಷಕರು ನಿಂತು ಓಡಾಡುತ್ತ ನೋಡುವ ಪ್ರದರ್ಶನಗಳಲ್ಲಿ ಯಾರೂ ಮೈಮರೆತು ಇಳಿಬಿದ್ದ ಬಟ್ಟೆಯ ಕೆಳಗೆ ಬಂದುಬಿಡದಂತೆ ಕಾಯಬೇಕು. ಈ ಎರಡನೆಯ ಕೆಲಸವೇ ನನ್ನ ಪಾಲಿಗೆ ಹೆಚ್ಚು ಬಂದಿದೆ. ಹಾಗಾಗಿ ಸರ್ಕಸ್ಸನ್ನು ನಾನು ಕಂಡಿರುವುದು ಬಹುಪಾಲು ನೋಡುವವರ ಮುಖಗಳಲ್ಲಿ.

ಮೇಲೆ ಅವಳು ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಳ್ಳುವಾಗ ಕೆಳಗಿನವರು ಗೊತ್ತಿಲ್ಲದೆಯೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅವಳು ಒಂದು ಕೈ ಬಿಟ್ಟರೆ ಇಲ್ಲಿ ಮುಷ್ಟಿಗಳು ಬಿಗಿಯುತ್ತವೆ. ಗಂಡನ ತೋಳು, ಮಗುವಿನ ಭುಜ, ತಮ್ಮದೇ ಬ್ಯಾಗಿನ ಪಟ್ಟಿ, ಏನು ಸಿಕ್ಕಿದರೆ ಅದನ್ನು ಹಿಡಿದುಕೊಳ್ಳುತ್ತಾರೆ. "ಜನ ಬರೋದೇ ಯಾರಾದ್ರೂ ಬೀಳ್ತಾರೇನೋ ಅಂತ ನೋಡೋಕೆ, ಅಲ್ವಾ ಸಾರ್?" ಎಂದು ಆಯೋಜಕರು ಕೇಳುವುದುಂಟು. ನಾನು ಒಪ್ಪುವುದಿಲ್ಲ. ಬೀಳಲಿ ಎಂದು ಕಾಯುವವರ ಕೈಗಳು ಹೀಗಿರುವುದಿಲ್ಲ. ಇವರು ತಮ್ಮ ಕೈಯಲ್ಲೇ ಅವಳನ್ನು ಹಿಡಿದುಕೊಂಡಿರುತ್ತಾರೆ.

ಈ ಬಟ್ಟೆಯನ್ನು ಏರಿಯಲ್ ಸಿಲ್ಕ್ ಎಂದು ಕರೆದರೂ ಅದು ರೇಷ್ಮೆಯಲ್ಲ, ಸಾಮಾನ್ಯವಾಗಿ ನೈಲಾನ್ ಹೆಣಿಗೆಯ ಬಟ್ಟೆ. ತುಸು ಹಿಗ್ಗುವ ಗುಣ ಇರುವುದರಿಂದ ಬೀಳುವ ಮೈಯ ಹೊಡೆತವನ್ನು ಅದು ಒಂದಿಷ್ಟು ನುಂಗಿಕೊಳ್ಳುತ್ತದೆ. ಎಲ್ಲರ ಎದೆ ಝಲ್ಲೆನಿಸುವ ಡ್ರಾಪ್ ಇದೆಯಲ್ಲ, ಮೇಲಿನಿಂದ ಉರುಳುತ್ತ ಬಂದು ನೆಲ ಇನ್ನೇನು ತಾಗಿತು ಅನ್ನುವಾಗ ಗಕ್ಕನೆ ನಿಲ್ಲುವುದು, ಅದರಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ತೊಡೆಗೆ ಎಷ್ಟು ಸುತ್ತು, ಸೊಂಟಕ್ಕೆ ಎಷ್ಟು, ಕೆಳಗೆ ಎಷ್ಟು ಬಟ್ಟೆ ಉಳಿದಿದೆ ಎಂಬ ಲೆಕ್ಕದ ಮೇಲೆ. ಸುತ್ತುಗಳು ಒಂದೊಂದಾಗಿ ಕಳಚುತ್ತವೆ, ಕೊನೆಯದು ಬಿಗಿದು ಹಿಡಿಯುತ್ತದೆ. ಒಂದು ಸುತ್ತು ತಪ್ಪು ದಿಕ್ಕಿನಲ್ಲಿದ್ದರೆ ಹಿಡಿಯುವುದಿಲ್ಲ. ಅದಕ್ಕೇ ಹೊಸಬರು ಈ ಸುತ್ತು ಹಾಕುವುದನ್ನು ತಿಂಗಳುಗಟ್ಟಲೆ ನೆಲದಿಂದ ಮೊಣಕಾಲೆತ್ತರದಲ್ಲೇ ಕಲಿಯುತ್ತಾರೆ.

ನನ್ನ ಲೆಕ್ಕ ಬೇರೆ. ಐವತ್ತೈದು ಕಿಲೋ ತೂಗುವ ಹುಡುಗಿ ಸುಮ್ಮನೆ ಜೋತುಬಿದ್ದರೆ ಬಟ್ಟೆ ನೇತುಹಾಕಿದ ಕೊಂಡಿಯ ಮೇಲೆ ಬೀಳುವುದು ಐವತ್ತೈದು ಕಿಲೋ ಭಾರ. ಅವಳೇ ಡ್ರಾಪ್‌ನಲ್ಲಿ ಬಂದು ನಿಂತಾಗ ಅದರ ಮೂರು ನಾಲ್ಕು ಪಟ್ಟು ಸಾಮಾನ್ಯ, ಕೆಲವೊಮ್ಮೆ ಇನ್ನೂ ಹೆಚ್ಚು. ಕೊಂಡಿ ಅದಕ್ಕೂ ಎಷ್ಟೋ ಮೇಲಿನ ಭಾರ ತಾಳುವಂತಿರಬೇಕು. ಒಮ್ಮೆ ಮದುವೆಯ ಆರತಕ್ಷತೆಗೆಂದು ಕರೆದಿದ್ದರು. ಹಾಲ್‌ನವರು ತೂಗುದೀಪದ ಹುಕ್ಕು ತೋರಿಸಿ "ಇಷ್ಟು ದೊಡ್ಡ ದೀಪ ನಿಂತಿದೆ, ನಿಮ್ಮ ಹುಡುಗಿ ನಿಲ್ಲೋದಿಲ್ವಾ? ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದರು. ದೀಪ ಕುಣಿಯುವುದಿಲ್ಲ. ಮುಂಗಡದ ಹಣ ವಾಪಸು ಕೊಟ್ಟು ಸಾಮಾನು ಗಾಡಿಗೆ ತುಂಬಿದೆವು. ಆ ಹುಡುಗಿ ದಾರಿಯುದ್ದಕ್ಕೂ ಮಾತಾಡಲಿಲ್ಲ, ಅವಳಿಗೆ ಆ ದುಡ್ಡು ಬೇಕಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆದರೂ ಅದೇ ಮಾಡುತ್ತೇನೆ.

ಹಳೆಯ ಸರ್ಕಸ್ಸಿನ ಬಗ್ಗೆ ನನಗೆ ಗೌರವ ಕಡಿಮೆಯಿಲ್ಲ. ಪ್ಯಾರಿಸ್ಸಿನಲ್ಲಿ 1859ರ ನವೆಂಬರಿನಲ್ಲಿ ಜೂಲ್ ಲೆಯೊಟಾರ್ ಎಂಬ ಯುವಕ ಒಂದು ಟ್ರಪೀಜಿನಿಂದ, ಅಂದರೆ ಹಗ್ಗಕ್ಕೆ ತೂಗುಬಿಟ್ಟ ಅಡ್ಡಕೋಲಿನಿಂದ, ಇನ್ನೊಂದಕ್ಕೆ ಹಾರಿದ. ತೂಲೂಸ್‌ನಲ್ಲಿ ಅಪ್ಪನ ಈಜುಕೊಳದ ನೀರಿನ ಮೇಲೆ ಕಲಿತ ವಿದ್ಯೆ ಅದು. ನಮ್ಮ ದೇಶದಲ್ಲಿ ತಲಶ್ಶೇರಿಯ ಕೀಲೇರಿ ಕುಂಞಿಕಣ್ಣನ್ ಅವರು 1901ರಲ್ಲಿ ಸರ್ಕಸ್ ಕಲಿಸಲು ತೊಡಗಿದರು. ದಸರೆ, ಜಾತ್ರೆಗಳಿಗೆ ನಮ್ಮೂರಿನ ಕಡೆ ಬರುತ್ತಿದ್ದ ಡೇರೆಗಳ ಎಷ್ಟೋ ಕಲಾವಿದರ ಬೇರು ಆ ಪರಂಪರೆಯಲ್ಲಿದೆ. ಆ ಸರ್ಕಸ್ಸಿನಲ್ಲಿ ಎಣಿಕೆ ಮುಖ್ಯ. ಗಾಳಿಯಲ್ಲಿ ಎಷ್ಟು ಲಾಗ? 1982ರಲ್ಲಿ ಟ್ರಪೀಜ್ ಕಲಾವಿದ ಮಿಗೆಲ್ ವಾಸ್ಕೆಜ್ ಪ್ರೇಕ್ಷಕರೆದುರು ನಾಲ್ಕು ಲಾಗ ಹೊಡೆದು ಅಣ್ಣನ ಕೈ ಸೇರಿದ. ಮೈಕಿನವನು ಮೊದಲೇ ಸಾರುತ್ತಾನೆ, ಡ್ರಮ್ ಬಾರಿಸುತ್ತದೆ, ಎಲ್ಲಿ ಉಸಿರು ಬಿಗಿಹಿಡಿಯಬೇಕೆಂದು ನಮಗೆ ಹೇಳಿಕೊಟ್ಟಿರುತ್ತಾರೆ.

ಹೊಸ ಸರ್ಕಸ್ಸಿನಲ್ಲಿ ಹಾಗೆ ಹೇಳಿಕೊಡುವವರಿಲ್ಲ. ಕ್ವಿಬೆಕ್‌ನ ಬೀದಿ ಕಲಾವಿದರು 1984ರಲ್ಲಿ ಸರ್ಕ್ ದು ಸೊಲೇ ಎಂಬ ಸರ್ಕಸ್ ತಂಡ ಕಟ್ಟಿದಾಗ ಪ್ರಾಣಿಗಳನ್ನು ಬಿಟ್ಟು ಸಂಗೀತ, ವೇಷ, ಬೆಳಕು, ಕಥೆಗಳನ್ನು ತಂದರು. ಅದಕ್ಕೂ ಮುಂದೆ ಹೋಗಿ ನೋಡುವವನ ಜಾಗವನ್ನೇ ಕಿತ್ತುಹಾಕಿದವರು ಬ್ಯೂನಸ್ ಐರಿಸ್‌ನ ಫುಯೆರ್ಸಾ ಬ್ರುತಾ ತಂಡದವರು. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿ, ಹಿಂದೆ ಬ್ಯಾಂಕ್ ಆಗಿದ್ದ ಕಟ್ಟಡದಲ್ಲಿ ಅವರ ಪ್ರದರ್ಶನ ವರ್ಷಗಟ್ಟಲೆ ನಡೆಯಿತು. ನಾನು ನೋಡಿದ್ದು ಅಲ್ಲಿಯೇ. ಕೂರಲು ಏನೂ ಇಲ್ಲ, ಕತ್ತಲಲ್ಲಿ ನೂರಾರು ಜನರ ಜೊತೆ ನಿಂತಿದ್ದೆ. ತಲೆಯ ಮೇಲೆ ಪಾರದರ್ಶಕ ಹಾಳೆಯ ದೊಡ್ಡ ಕೊಳ, ಅದರಲ್ಲಿ ತೆಳುವಾಗಿ ನೀರು, ನೀರಿನಲ್ಲಿ ಬೋರಲಾಗಿ ಜಾರುವ ಕಲಾವಿದೆಯರು. ಆ ಕೊಳ ಮೆಲ್ಲಗೆ ಇಳಿಯತೊಡಗಿತು, ಕೈಗೆ ಎಟುಕುವಷ್ಟು. ವೃತ್ತಿಯ ಬುದ್ಧಿಯಿಂದ ನಾನು ಮೊದಲು ಹುಡುಕಿದ್ದು ನಾಲ್ಕು ಮೂಲೆಯ ಕೇಬಲ್ಲುಗಳನ್ನು. ಆಮೇಲೆ ಅದೂ ಮರೆತುಹೋಯಿತು. ಸುತ್ತಲಿನವರೆಲ್ಲ ಕೈಯೆತ್ತಿ ಹಾಳೆಗೆ ಅಂಗೈ ಒತ್ತಿದ್ದರು, ನಾನೂ ಒತ್ತಿದೆ. ಆಚೆಯಿಂದ ಒಬ್ಬಾಕೆಯ ಅಂಗೈ ಬಂದು ನನ್ನದರ ಮೇಲೆ ಕೂತಿತು. ತಣ್ಣಗಿತ್ತು, ಹಾಳೆ ಅಷ್ಟು ತೆಳುವು.

ಈ ಸೆಳೆತಕ್ಕೆ ಅಪಾಯಕ್ಕಿಂತ ಹತ್ತಿರವಿರುವುದೇ ದೊಡ್ಡ ಕಾರಣ ಎಂದು ನನಗೆ ಖಚಿತವಾದದ್ದು ಅಂದು. ಐವತ್ತು ಅಡಿ ದೂರದಿಂದ ನೋಡಿದರೆ ಮನುಷ್ಯದೇಹ ಒಂದು ಆಕಾರ. ಹತ್ತಡಿಯಲ್ಲಿ ಅದು ಏದುಸಿರು, ಬೆವರು, ಅಂಗೈಗೆ ಹಚ್ಚಿದ ರಾಳದ ಪುಡಿಯ ವಾಸನೆ. ಬಟ್ಟೆ ಚರ್ಮಕ್ಕೆ ಉಜ್ಜುವ ಸದ್ದು ಕೇಳುತ್ತದೆ. ಅದು ಕೇಳಿದ ಮೇಲೆ ದೂರ ನಿಂತು ಚಪ್ಪಾಳೆ ತಟ್ಟುವವರಾಗಿ ಉಳಿಯುವುದು ಕಷ್ಟ. ಇದೇ ಕಾರಣಕ್ಕೆ ಇಂಥ ಪ್ರದರ್ಶನಗಳನ್ನು ಸುಮ್ಮನೆ ದೊಡ್ಡ ಮೈದಾನಕ್ಕೆ ಹಿಗ್ಗಿಸಿ ಎಲ್‌ಇಡಿ ಪರದೆ ಹಾಕುವುದನ್ನು ನಾನು ವಿರೋಧಿಸುತ್ತೇನೆ. ಟಿಕೆಟ್ಟು ಹೆಚ್ಚು ಮಾರಬಹುದು, ಉಸಿರು ಕೇಳಿಸುವುದಿಲ್ಲ.

ನಮ್ಮವರಿಗೆ ಇದು ಪೂರ್ತಿ ಹೊಸತೂ ಅಲ್ಲ. ನಾನು ಶುರುಮಾಡಿದ್ದು ಬಾಗಲಕೋಟೆ ಕಡೆಯ ಹಗ್ಗದ ಮಲ್ಲಕಂಬದಿಂದ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿ ಏರುವುದು, ಗಂಟು ಹಾಕದೆ ಬರೀ ಸುತ್ತಿನ ಮೇಲೆ ಮೈಯ ಭಾರ ನಿಲ್ಲಿಸುವುದು ಅಲ್ಲಿ ಕಲಿತದ್ದು. ಸಿಲ್ಕ್ ಮುಟ್ಟಿದ ಮೊದಲ ದಿನವೇ ಕಾಲಿಗೆ ಅದರ ಗುರುತು ಸಿಕ್ಕಿತು.

ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸಭಾಂಗಣದಲ್ಲಿ ಜನರನ್ನು ಸುತ್ತಲೂ ಜಮಖಾನದ ಮೇಲೆ ಕೂರಿಸಿ ಪ್ರದರ್ಶನ ಮಾಡಿದ್ದೆವು. ಮುಗಿದ ಮೇಲೆ ನಾನು ಕ್ಯಾರಬೀನರ್ ಎಂಬ ಲೋಹದ ಕೊಂಡಿಗಳನ್ನು ಬಿಚ್ಚುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಎದ್ದು ಕಲಾವಿದೆಯ ಹತ್ತಿರ ಬಂದರು.

"ಎಲ್ಲಿ, ಕೈ ತೋರಸವ್ವಾ."

ಅವಳು ಅಂಗೈ ಚಾಚಿದಳು. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿತ್ತು, ಒಂದು ಕಡೆ ಸಿಪ್ಪೆ ಎದ್ದಿತ್ತು. ಅಜ್ಜಿ ತಮ್ಮ ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದರು.

"ಕಳೆ ತಗದವ್ರ ಕೈ ಇದ್ದಂಗ ಐತಿ," ಎಂದು ತಮ್ಮ ಅಂಗೈಯನ್ನು ಅವಳದರ ಪಕ್ಕದಲ್ಲಿ ಹಿಡಿದು ತೋರಿಸಿದರು.