ನಿಂತ ಗಾಡಿ ಪೆಟ್ರೋಲ್ ಸೋರಿದರೆ ಕಾರ್ಬೋರೇಟರ್ ಬದಲಿಸಬೇಕೇ?

ಪ್ರಶ್ನೆ: ನಮಸ್ಕಾರ್ರೀ. ನಮ್ಮೂರು ಖಾನಾಪುರ ತಾಲೂಕಿನ ಜಾಂಬೋಟಿ ಹತ್ರ. ಮಳಿ ಹಿಡಿದ ಮ್ಯಾಲೆ ಗಾಡಿ ಹೊರಗ ತಗ್ಯಾಂಗಿಲ್ಲ. ನಾಕು ತಿಂಗಳು ಶೆಡ್ಡಿನ್ಯಾಗ ನಿಂತಿತ್ತು. ಖಂಡೇ ಪೂಜಾಕ್ಕಂತ ತಗದು ತೊಳದ್ರ, ಕಾರ್ಬೋರೇಟರ್ ಕೆಳಗಿನ ಸಣ್ಣ ಪೈಪಿನಿಂದ ಪೆಟ್ರೋಲ್ ಟಪಟಪ ಸೋರಾಕತ್ತೈತಿ. ನಿಲ್ಲಿಸುಮುಂದ ಏನೂ ಇರಲಿಲ್ಲ. ಹೊಸಾ ಕಾರ್ಬೋರೇಟರ್ ಹಾಕ್ಬೇಕು ಅಂತಾರ. ಖರೇನ ಹಾಕ್ಬೇಕೇನ್ರಿ?

ಉತ್ತರ: ಬಹುಶಃ ಬೇಕಾಗುವುದಿಲ್ಲ. ಕಾರ್ಬೋರೇಟರ್ ಎಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ನಿಲ್ಲಿಸುವಾಗ ಸರಿಯಿದ್ದದ್ದು ನಿಂತಲ್ಲೇ ಸವೆಯುವುದಿಲ್ಲ. ಒಳಗೆ ಅಂಟು ಹಿಡಿಯುತ್ತದೆ, ರಬ್ಬರ್ ಒಣಗುತ್ತದೆ, ಕಸ ಕೂಡುತ್ತದೆ. ಈ ಮೂರಕ್ಕೂ ಕಡಿಮೆ ಖರ್ಚಿನ ಮದ್ದು ಇದೆ.

ಆದರೆ ಮೊದಲು ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ವಿಷಯ ಹೇಳಿಬಿಡುತ್ತೇನೆ. ಸೋರುವ ಗಾಡಿಗೆ ದಯವಿಟ್ಟು ಕರ್ಪೂರ, ಊದಿನಕಡ್ಡಿ ಬೆಳಗಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಪಡಸಾಲೆಯಲ್ಲಿ ನಿಲ್ಲಿಸಿದ ಗಾಡಿಯ ಆವಿ ಒಳಮನೆಯ ದೀಪದವರೆಗೂ, ಒಲೆಯವರೆಗೂ ಹೋಗಬಲ್ಲದು. ಟ್ಯಾಂಕಿನ ಕೆಳಗಿನ ನಳ, ಅಂದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿಯನ್ನು ಬಯಲಿಗೆ ತಳ್ಳಿ, ನೆಲದ ಮೇಲೆ ಬಿದ್ದದ್ದಕ್ಕೆ ಮಣ್ಣು ಹಾಕಿ. ಅರಿಶಿನ ಕುಂಕುಮ ಹಚ್ಚಿ ಹೂವು ಏರಿಸಿದರೆ ಪೂಜೆ ಆಯಿತು.

ಇನ್ನು ಎರಡನೆಯ ಮಾತು ಅಷ್ಟೇ ಮುಖ್ಯ: ಇನ್ನೂ ಕಿಕ್ ಹೊಡೆಯಬೇಡಿ. ಮೊದಲು ಎಂಜಿನ್ ಆಯಿಲ್ ನೋಡಿ. ಕಾರ್ಬೋರೇಟರಿನಲ್ಲಿ ಹೆಚ್ಚಾದ ಪೆಟ್ರೋಲಿಗೆ ಹೋಗಲು ಎರಡು ದಾರಿ. ಒಂದು ಕೆಳಗಿನ ಓವರ್‌ಫ್ಲೋ ಪೈಪು, ಇನ್ನೊಂದು ಎಂಜಿನ್ನಿನ ಒಳಗಡೆ. ನಿಮ್ಮ ಗಾಡಿ ಪೈಪಿನಿಂದ ಸೋರುತ್ತಿರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಕಣ್ಣಿಗೆ ಕಾಣುತ್ತಿದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಇಂಥ ಪೈಪಿನಲ್ಲಿ ಕುಂಬಾರ ಹುಳು ಮಣ್ಣು ಮೆತ್ತುವುದುಂಟು. ಆಗ ಪೆಟ್ರೋಲ್ ಸದ್ದಿಲ್ಲದೆ ಸಿಲಿಂಡರಿಗೆ ಇಳಿದು, ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ. ನನ್ನ ಹಳೆಯ ಗಾಡಿಗೆ ಹೀಗಾಗಿತ್ತು. ನೋಡದೆ ಸ್ಟಾರ್ಟ್ ಮಾಡಿ ಪೇಟೆಗೆ ಹೋಗಿಬಂದೆ. ಆಮೇಲೆ ಆಯಿಲ್ ಬಿಚ್ಚಿದಾಗ ಹಾಕಿದ್ದಕ್ಕಿಂತ ಹೆಚ್ಚು ಹೊರಬಂತು, ನೀರಿನ ಹಾಗೆ ತೆಳ್ಳಗೆ. ಅಂಥ ಆಯಿಲ್ ಎಂಜಿನ್ನನ್ನು ಕಾಯುವುದಿಲ್ಲ, ತಿನ್ನುತ್ತದೆ. ಹಾಗಾಗಿ ಆಯಿಲ್ ಕಡ್ಡಿ ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಮೇಲಿನ ಗೆರೆ ದಾಟಿದ್ದರೆ, ಸೋರಿಕೆ ನಿಲ್ಲಿಸಿ ಆಯಿಲ್ ಬದಲಿಸಿಯೇ ಸ್ಟಾರ್ಟ್ ಮಾಡಬೇಕು. ಕಿಕ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರಿನಲ್ಲೇ ಪೆಟ್ರೋಲ್ ನಿಂತಿರಬಹುದು. ಒತ್ತಾಯ ಮಾಡಬೇಡಿ, ಮೆಕ್ಯಾನಿಕ್ ಬಂದು ಪ್ಲಗ್ ಬಿಚ್ಚಲಿ.

ಈಗ ಸೋರಿಕೆಯ ಮೂಲ. ಮನೆ ಮಾಳಿಗೆಯ ನೀರಿನ ಟಾಕಿ ಗೊತ್ತಲ್ಲ? ನೀರು ಏರಿದಂತೆ ಚೆಂಡು ತೇಲಿ ನಳ ಬಂದ್ ಮಾಡುತ್ತದೆ. ಕಾರ್ಬೋರೇಟರಿನ ಕೆಳಗಿನ ಬಟ್ಟಲಿನಲ್ಲೂ ಇದೇ ವ್ಯವಸ್ಥೆ. ಪೆಟ್ರೋಲ್ ತುಂಬಿದಾಗ ಫ್ಲೋಟ್ ಮೇಲೇರಿ ಒಂದು ಸಣ್ಣ ನೀಡಲನ್ನು ಅದರ ರಂಧ್ರಕ್ಕೆ ಒತ್ತುತ್ತದೆ. ಆ ನೀಡಲ್ ಸರಿಯಾಗಿ ಕೂಡದಿದ್ದರೆ ಮೇಲಿನ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ಮಾಳಿಗೆ ಟಾಕಿ ತುಂಬಿ ಹರಿದ ಹಾಗೆ.

ನೀಡಲ್ ಯಾಕೆ ಕೂಡುವುದಿಲ್ಲ? ಬಟ್ಟಲಿನಲ್ಲಿ ಉಳಿದ ಒಂದಿಷ್ಟು ಪೆಟ್ರೋಲಿನ ಹಗುರ ಭಾಗ ನಾಲ್ಕು ತಿಂಗಳಲ್ಲಿ ಆವಿಯಾಗಿ ಹೋಗಿ, ಭಾರದ ಭಾಗ ಗಾಳಿ ತಾಗಿ ಕಂದು ಅಂಟಾಗುತ್ತದೆ. ಕೊಪ್ಪರಿಗೆಯ ಅಂಚಿಗೆ ಒಣಗಿದ ಬೆಲ್ಲದ ಪಾಕ ಹೇಗೆ ಹಿಡಿದುಕೊಳ್ಳುತ್ತದೋ ಹಾಗೆ. ಅದು ನೀಡಲನ್ನು ಅರ್ಧ ತೆರೆದಲ್ಲೇ ಅಂಟಿಸಿಬಿಡುತ್ತದೆ. ಜೊತೆಗೆ ಎಥೆನಾಲ್ ಇದೆ. ಬೆಳಗಾವಿ, ಬಾಗಲಕೋಟೆಯ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗಿ ಎಥೆನಾಲಾಗಿ ನಮ್ಮದೇ ಟ್ಯಾಂಕಿಗೆ ವಾಪಸ್ ಬರುತ್ತಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಹೀರಿದ ನೀರು ಮಿತಿ ಮೀರಿದರೆ ಎಥೆನಾಲಿನ ಸಮೇತ ಬೇರೆಯಾಗಿ ತಳ ಸೇರುತ್ತದೆ. ಖಾನಾಪುರದ ಮಳೆಗಾಲದಲ್ಲಿ ತೇವಕ್ಕೇನು ಬರ? 2020ರ ಏಪ್ರಿಲಿನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳು ಕಾರ್ಬೋರೇಟರ್ ಬಿಟ್ಟವು. ಈಗ ಕಾರ್ಬೋರೇಟರ್ ಇರುವ ಗಾಡಿಗಳು ಬಹುಪಾಲು ಅದಕ್ಕಿಂತ ಹಳೆಯವು, ಅವುಗಳ ರಬ್ಬರ್ ಭಾಗಗಳಿಗೂ ವಯಸ್ಸಾಗಿದೆ. ಎಲ್ಲ ತಪ್ಪನ್ನೂ ಎಥೆನಾಲಿನ ಮೇಲೆ ಹಾಕುವುದು ಸರಿಯಲ್ಲ. ಹತ್ತು ವರ್ಷದ ರಬ್ಬರ್ ಹೇಗೂ ಗಟ್ಟಿಯಾಗುತ್ತದೆ.

ಎಲ್ಲಿಂದ ಸೋರುತ್ತಿದೆ ಎಂಬುದು ಖಾತ್ರಿ ಆಗಬೇಕು. ಎಲ್ಲವನ್ನೂ ಬಟ್ಟೆಯಿಂದ ಒಣಗುವ ಹಾಗೆ ಒರೆಸಿ, ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಕಾಕ್ ಬಂದ್ ಇದ್ದಾಗಲೂ ಹನಿ ಬಿದ್ದರೆ ತಪ್ಪು ಕಾಕಿನದು. ಟ್ಯಾಂಕಿಗೆ ಅದು ಕೂಡುವ ಜಾಗದ ರಬ್ಬರ್ ಬಳೆ (ಓರಿಂಗ್) ಹೋಗಿರಬಹುದು, ಒಳಗಿನ ವಾಷರ್ ಹೋಗಿರಬಹುದು. ಕಾಕ್ ಬಿಟ್ಟಾಗ ಟ್ಯಾಂಕಿನಿಂದ ಕಾರ್ಬೋರೇಟರಿಗೆ ಬರುವ ಪೈಪಿನ ತುದಿ ಒದ್ದೆಯಾದರೆ ಆ ಪೈಪ್ ಬಿರುಸಾಗಿದೆ, ಹೊಸ ಪೈಪು ಮತ್ತು ಕ್ಲಿಪ್ ಹಾಕಿದರೆ ಮುಗಿಯಿತು. ಬಟ್ಟಲು ಕೂಡುವ ಗೆರೆಯಲ್ಲಿ ಜಿನುಗಿದರೆ ತಪ್ಪು ನಡುವಿನ ರಬ್ಬರ್ ಪ್ಯಾಕಿಂಗಿನದು. ಓವರ್‌ಫ್ಲೋ ಪೈಪಿನಿಂದಲೇ ಬಂದರೆ, ನಿಮ್ಮದು ಹಾಗೇ ಕಾಣುತ್ತದೆ, ನೀಡಲ್ ಅಥವಾ ಫ್ಲೋಟ್.

ಬಿಚ್ಚುವ ಮೊದಲು ಒಂದು ಕೆಲಸ ಮಾಡಿ ನೋಡಿ. ಕಾಕ್ ಬಂದ್ ಮಾಡಿ, ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಒಳಗಿನದನ್ನು ಗಾಜಿನ ಬಾಟಲಿಗೆ ಇಳಿಸಿ. ತಳದಲ್ಲಿ ಬೇರೆಯಾಗಿ ನಿಂತದ್ದು ನೀರು, ಕೆಂಪು ಕಣ ಟ್ಯಾಂಕಿನ ತುಕ್ಕು, ಹಳೆಯ ಬಣ್ಣದ ವಾಸನೆ ಬಂದರೆ ಪೆಟ್ರೋಲ್ ಕೆಟ್ಟಿದೆ. ಟ್ಯಾಂಕಿನಲ್ಲಿರುವುದನ್ನೂ ತೆಗೆದು ಹೊಸದು ಹಾಕಿ, ಸ್ಕ್ರೂ ಬಿಗಿದು ಕಾಕ್ ಬಿಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಅಂಟಿದ ನೀಡಲ್ ಬಿಟ್ಟುಕೊಂಡು ಸೋರಿಕೆ ಅಲ್ಲೇ ನಿಲ್ಲುವುದುಂಟು. ನಿಂತರೂ ಒಂದು ರಾತ್ರಿ ನೋಡದೆ ನಂಬಬೇಡಿ.

ನಿಲ್ಲದಿದ್ದರೆ ಬಟ್ಟಲು ಬಿಚ್ಚಬೇಕು. ಫ್ಲೋಟಿನ ಪಿನ್ ಸರಿಸಿದರೆ ನೀಡಲ್ ಕೈಗೆ ಬರುತ್ತದೆ. ಅದರ ಚೂಪು ತುದಿಯನ್ನು ಬೆಳಕಿಗೆ ಹಿಡಿಯಿರಿ. ಸುತ್ತ ಬಳೆಯಂತೆ ತಗ್ಗು ಬಿದ್ದಿದ್ದರೆ ಹೊಸ ನೀಡಲ್ ಬೇಕು, ಬರೀ ಅಂಟಿದ್ದರೆ ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಸಾಕು. ಅದು ಕೂಡುವ ರಂಧ್ರವನ್ನು ಅರಳೆ ಸುತ್ತಿದ ಕಡ್ಡಿಯಿಂದ ಒರೆಸಿ. ತಂತಿ, ಪಾಲಿಶ್ ಪೇಪರ್ ಹಾಕಿದರೆ ಗೀರು ಬಿದ್ದು, ಇಲ್ಲದ ಸೋರಿಕೆ ಹುಟ್ಟುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತು ಬಿದ್ದು ಮುಳುಗುತ್ತಿದೆ, ಬದಲಿಸಿ. ಬಟ್ಟಲಿನ ರಬ್ಬರ್ ಪ್ಯಾಕಿಂಗ್ ಉಬ್ಬಿ ತನ್ನ ತಗ್ಗುಗೆರೆಯಲ್ಲಿ ಕೂಡದೆ ಹೋದರೆ ಎಳೆದು ಕತ್ತರಿಸಬೇಡಿ, ಒಂದು ದಿನ ಒಣಗಲು ಬಿಟ್ಟರೆ ಹಲವು ಸಲ ಮೊದಲಿನ ಅಳತೆಗೆ ಬರುತ್ತದೆ. ಸಿಲಿಕೋನ್ ಅಂಟು ಮಾತ್ರ ಬೇಡ. ಪೆಟ್ರೋಲಿಗೆ ಅದು ಉಬ್ಬಿ ಚೂರಾಗಿ ಜೆಟ್ಟಿನ, ಅಂದರೆ ಪೆಟ್ರೋಲ್ ಹೊರಡುವ ಸಣ್ಣ ತೂತಿನ ಬಾಯಿ ಮುಚ್ಚುತ್ತದೆ.

ಹೊಸ ನೀಡಲ್, ಒಳ್ಳೆಯ ಫ್ಲೋಟ್, ಸ್ವಚ್ಛ ರಂಧ್ರ, ಇಷ್ಟಾದರೂ ಸೋರಿದರೆ ರಂಧ್ರವೇ ಸವೆದಿದೆ. ಹಲವು ಸಣ್ಣ ಗಾಡಿಗಳಲ್ಲಿ ಅದು ಕಾರ್ಬೋರೇಟರಿನ ಮೈಗೇ ಕೂಡಿಸಿದ್ದು, ಬೇರೆಯಾಗಿ ಸಿಗದು. ಹೊಸ ಕಾರ್ಬೋರೇಟರಿನ ಮಾತು ಆಗ ಬರಲಿ, ಈಗಲ್ಲ. ಇನ್ನು ಸರಿಯಾದದ್ದು ಹದಿನೈದು ದಿನಕ್ಕೆ ಮತ್ತೆ ಸೋರತೊಡಗಿದರೆ ಟ್ಯಾಂಕಿನೊಳಗೆ ಟಾರ್ಚಿನ ಬೆಳಕು ಬಿಟ್ಟು ನೋಡಿ. ತುಕ್ಕಿನ ಪುಡಿ ಇಳಿದು ನೀಡಲಿನ ತುದಿಗೆ ಸಿಕ್ಕುತ್ತಿರುತ್ತದೆ. ನೋಡುವಾಗ ಸಾಮಾನ್ಯ ಟಾರ್ಚು ಸಾಕು, ಕಡ್ಡಿ ಗೀರಿ ನೋಡಿದವರು ಸುಟ್ಟುಕೊಂಡಿದ್ದಾರೆ.

ಮುಂದಿನ ವರ್ಷ ಮಿರಗದ ಮಳೆ ಹಿಡಿಯುವ ಮೊದಲು ಕಾಕ್ ಬಂದ್ ಮಾಡಿ, ಗಾಡಿ ತಾನಾಗಿ ಬಂದ್ ಬೀಳುವವರೆಗೆ ಚಾಲೂ ಇಡಿ. ಆಮೇಲೆ ತಳದ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ಇಳಿಸಿ. ಅಂಟಾಗಲು ಬಟ್ಟಲಿನಲ್ಲಿ ಏನೂ ಇರಬಾರದು. ಕಾಕ್ ಗಟ್ಟಿಯಿದ್ದರೆ ಟ್ಯಾಂಕ್ ಮುಕ್ಕಾಲಿಗಿಂತ ಮೇಲೆ ತುಂಬಿಡಿ, ಖಾಲಿ ಜಾಗ ಕಡಿಮೆಯಾದಷ್ಟು ತೇವವೂ ತುಕ್ಕೂ ಕಡಿಮೆ. ಕಾಕ್ ಮೇಲೆ ಅನುಮಾನ ಇದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಒಂದಿಷ್ಟು ಎಂಜಿನ್ ಆಯಿಲ್ ಸುರಿದು ಸುತ್ತ ಅಲ್ಲಾಡಿಸಿ ಮುಚ್ಚಿಡಿ. ದಸರಾಕ್ಕೆ ತೆಗೆದಾಗ ಮೊದಲ ಅರ್ಧ ಲೀಟರ್ ಪೆಟ್ರೋಲಿನಿಂದ ಅದನ್ನು ತೊಳೆದು ಚೆಲ್ಲಿದ ಮೇಲೆಯೇ ಕಾಕಿಗೆ ಪೈಪ್ ಹಾಕಿ.