ಅಳಿಸಿದರೂ ಚಿಂತೆಯಿಲ್ಲದ ಫೋಲ್ಡರ್

ಹಲವು ವರ್ಷ ಹಿಂದೆ ಬರೆದಿಟ್ಟಿದ್ದ ಒಂದು ಸಣ್ಣ ಪೈಥಾನ್ ಪ್ರೋಗ್ರಾಮನ್ನು ಮೊನ್ನೆ ಮತ್ತೆ ಓಡಿಸಲು ಹೋದೆ. ಓಡಲಿಲ್ಲ. ಅದರಲ್ಲಿ ಒಂದಕ್ಷರವನ್ನೂ ನಾನು ಮುಟ್ಟಿರಲಿಲ್ಲ. ಮುಟ್ಟಿದ್ದು ಬೇರೆ ಕಡೆ: ಇನ್ನಾವುದೋ ಕೆಲಸಕ್ಕೆಂದು, ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿಯನ್ನು ಅಪ್‌ಗ್ರೇಡ್ ಮಾಡಿದ್ದೆ. ಹಳೆಯ ಪ್ರೋಗ್ರಾಮಿನಲ್ಲಿ ‘ಎನ್‌ಪಿ ಡಾಟ್ ಫ್ಲೋಟ್’ ಎಂಬ ಹೆಸರು ಬಳಸಿದ್ದೆ. ನಂಪೈಯ 1.20ನೇ ಆವೃತ್ತಿಯಿಂದಲೇ ಅದು ಬೇಡ ಎಂದು ಎಚ್ಚರಿಸುತ್ತ ಬಂದು, 1.24ರಲ್ಲಿ ತೆಗೆದೇ ಹಾಕಿತ್ತು. ಎಚ್ಚರಿಕೆಗಳನ್ನು ಯಾರು ಓದುತ್ತಾರೆ, ಅಲ್ವಾ?

ತೊಂದರೆಯ ಬೇರು ಇಷ್ಟೇ. ಇನ್‌ಸ್ಟಾಲ್ ಮಾಡಿದ ನಂಪೈಯಂಥ ಪ್ಯಾಕೇಜುಗಳನ್ನೆಲ್ಲ ಪೈಥಾನ್ ‘ಸೈಟ್-ಪ್ಯಾಕೇಜಸ್’ ಎಂಬ ಒಂದೇ ಫೋಲ್ಡರಿಗೆ ತುಂಬುತ್ತದೆ. ಅಲ್ಲಿ ಒಂದು ಹೆಸರಿಗೆ ಒಂದೇ ಜಾಗ. ಹೊಸ ನಂಪೈ ಬಂದರೆ ಹಳೆಯದು ಹೊರಗೆ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯೇ ಅದೇ ಪೈಥಾನ್ ಮೇಲೆ ನಿಂತಿದ್ದರಂತೂ ಆಟ ಇನ್ನೂ ಅಪಾಯದ್ದು. ಅದಕ್ಕೇ 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ, ವ್ಯವಸ್ಥೆಯ ಪೈಥಾನಿಗೆ ನೇರವಾಗಿ ಪ್ಯಾಕೇಜು ತುಂಬಲು ಹೋದರೆ, ಪ್ಯಾಕೇಜು ಇನ್‌ಸ್ಟಾಲ್ ಮಾಡುವ ‘ಪಿಪ್’ ಎಂಬ ಸಲಕರಣೆಯೇ ಆಗಲ್ಲ ಎಂದುಬಿಡುತ್ತದೆ.

ಪರಿಹಾರ ಹಳೆಯದೇ. ಇಯಾನ್ ಬಿಕಿಂಗ್ 2007ರಲ್ಲಿ ವರ್ಚುವಲ್‌ಎನ್ವ್ ಬರೆದರು. 2012ರ ಪೈಥಾನ್ 3.3ರಿಂದ ಅದೇ ಬಗೆಯ ‘ವೆನ್ವ್’ ಭಾಷೆಯ ಜೊತೆಯಲ್ಲೇ ಬರುತ್ತಿದೆ. ಒಂದೊಂದು ಪ್ರಾಜೆಕ್ಟಿಗೂ ಅದರದೇ ಪ್ಯಾಕೇಜುಗಳ ಕೋಣೆ, ಅಂದರೆ ಒಂದು ಪ್ರತ್ಯೇಕ ಫೋಲ್ಡರ್, ಕಟ್ಟಿಕೊಡುವುದು ಇವುಗಳ ಕೆಲಸ.

ಕೋಣೆ ಎಂದೊಡನೆ ದಪ್ಪ ಗೋಡೆ ನೆನೆಯಬೇಡಿ. ಒಳಗೆ ಇಣುಕಿದರೆ ಸ್ವಲ್ಪ ನಿರಾಸೆಯೇ ಆಗುತ್ತದೆ. ‘ಪೈವೆನ್ವ್ ಡಾಟ್ ಸಿಎಫ್‌ಜಿ’ ಎಂಬ ನಾಲ್ಕಾರು ಸಾಲಿನ ಒಂದು ಫೈಲು. ಅಸಲಿ ಪೈಥಾನ್ ಎಲ್ಲಿದೆ ಎಂದು ಒಂದು ಸಾಲು, ಹೊರಗಿನ ಪ್ಯಾಕೇಜುಗಳು ಕಾಣಬೇಕೋ ಬೇಡವೋ ಎಂದು ಇನ್ನೊಂದು. ಲಿನಕ್ಸಿನಲ್ಲಿ ನೋಡಿದರೆ ಒಳಗಿರುವ ಪೈಥಾನ್ ಕೂಡ ಸಾಮಾನ್ಯವಾಗಿ ಅಸಲಿಯತ್ತ ಬೆರಳು ತೋರುವ ಕೊಂಡಿ ಮಾತ್ರ. ಪೈಥಾನ್ ಶುರುವಾಗುವಾಗ ಪಕ್ಕದಲ್ಲೋ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲೋ ಈ ಫೈಲು ಕಂಡರೆ, ಪ್ಯಾಕೇಜುಗಳನ್ನು ಈ ಫೋಲ್ಡರಿನಲ್ಲೇ ಹುಡುಕುತ್ತದೆ. ಇನ್ನು ‘ಆಕ್ಟಿವೇಟ್’ ಮಾಡುವುದೆಂದರೆ, ಕಮಾಂಡುಗಳನ್ನು ಹುಡುಕುವ ದಾರಿಯ ಪಟ್ಟಿಯಲ್ಲಿ ಈ ಫೋಲ್ಡರಿನೊಳಗಿನ ಕಮಾಂಡುಗಳ ಜಾಗವನ್ನು ಎಲ್ಲಕ್ಕಿಂತ ಮುಂದೆ ಇಡುವುದು. ಮುಖ್ಯ ಕೆಲಸ ಅಷ್ಟೇ. ಒಳಗೆ ಓಡುವ ಪ್ರೋಗ್ರಾಮು ನಿಮ್ಮ ಫೈಲುಗಳನ್ನೆಲ್ಲ ಅಳಿಸಬೇಕೆಂದರೆ ಆರಾಮಾಗಿ ಅಳಿಸಬಹುದು. ಇದು ಪ್ಯಾಕೇಜುಗಳ ಜಗಳ ಬಿಡಿಸುವ ಉಪಾಯ, ಕಾವಲಲ್ಲ.

ಕೋಣೆ ಕಟ್ಟುವುದು ಒಂದು ಸಾಲಿನ ಕೆಲಸ. ಬೇಜಾರಾಗುವುದು ಆಮೇಲೆ. ಹೊಸ ಕೋಣೆ ಹೆಚ್ಚುಕಮ್ಮಿ ಖಾಲಿ. ಪ್ರತಿ ಸಲವೂ ಅದೇ ಐದಾರು ಪ್ಯಾಕೇಜುಗಳ ಹೆಸರು ಟೈಪಿಸಿ ಕಾಯಬೇಕು. ಇದನ್ನು ತಾನಾಗಿ ಆಗುವಂತೆ ಮಾಡಲು ದಾರಿಗಳು ಬೇಕಾದಷ್ಟಿವೆ. ವರ್ಚುವಲ್‌ಎನ್ವ್‌ರ‍್ಯಾಪರ್ ಎಂಬ, ವರ್ಚುವಲ್‌ಎನ್ವ್‌ಗೆ ನೆರವಾಗುವ ಸಲಕರಣೆ ಬಳಸುವವರಿಗೆ ‘ಪೋಸ್ಟ್‌ಎಂಕೆವರ್ಚುವಲ್‌ಎನ್ವ್’ ಎಂಬ ಸ್ಕ್ರಿಪ್ಟ್ ಇದೆ. ಕೋಣೆ ಹುಟ್ಟಿದ ಕೂಡಲೇ ಅದು ಓಡುತ್ತದೆ. ಅದರಲ್ಲಿ ಪಿಪ್ ಸಾಲೊಂದು ಬರೆದಿಟ್ಟರೆ ಮುಗಿಯಿತು. ವೆನ್ವ್ ಒಳಗೂ ‘ಎನ್ವ್‌ಬಿಲ್ಡರ್’ ಎಂಬ ಕ್ಲಾಸ್ ಇದೆ. ಕೋಣೆ ಕಟ್ಟಿದ ಮೇಲೆ ಓಡುವ ಅದರ ‘ಪೋಸ್ಟ್_ಸೆಟಪ್’ ತಾನಾಗಿ ಏನೂ ಮಾಡುವುದಿಲ್ಲ. ನಿಮ್ಮ ಕೆಲಸ ತುಂಬಿಕೊಳ್ಳಲಿ ಎಂದೇ ಖಾಲಿ ಬಿಟ್ಟಿದ್ದಾರೆ. ನನಗಂತೂ ಮೂರು ಸಾಲಿನ ಶೆಲ್ ಸ್ಕ್ರಿಪ್ಟೇ ಸಾಕಾಗಿದೆ: ಕೋಣೆ ಕಟ್ಟು, ಪಿಪ್ ಹೊಸದು ಮಾಡು, ಪಟ್ಟಿಯಲ್ಲಿರುವುದನ್ನು ಇನ್‌ಸ್ಟಾಲ್ ಮಾಡು. 2024ರಲ್ಲಿ ಬಂದ ‘ಯುವಿ’ ಎಂಬ ಸಲಕರಣೆ ಇದನ್ನೇ ತುಂಬ ಬೇಗ ಮಾಡುತ್ತದೆ. ಒಮ್ಮೆ ಇಳಿಸಿಕೊಂಡ ಪ್ಯಾಕೇಜನ್ನು ಒಂದು ಕಡೆ ಇಟ್ಟುಕೊಂಡು, ಆದಷ್ಟೂ ನಕಲು ಮಾಡದೆ ಕೋಣೆ ಕೋಣೆಗೂ ಕೊಂಡಿ ಹಾಕುತ್ತದೆ.

ಆದರೆ ಎಲ್ಲ ಕೋಣೆಗೂ ಒಂದೇ ಪಟ್ಟಿ ಸುರಿಯುವ ಚಟದಲ್ಲಿ ಒಂದು ಗುಂಡಿ ಇದೆ. ನಾನು ಅದರಲ್ಲಿ ಬಿದ್ದಿದ್ದೇನೆ. ವೆಬ್‌ನಿಂದ ಮಾಹಿತಿ ತರಿಸಿಕೊಳ್ಳಲು ಬಳಸುವ ‘ರಿಕ್ವೆಸ್ಟ್ಸ್’ ಪ್ಯಾಕೇಜು ನನ್ನ ಎಲ್ಲ ಕೋಣೆಗಳಲ್ಲೂ ಮೊದಲೇ ಇರುತ್ತಿತ್ತು. ಹಾಗಾಗಿ ಪ್ರಾಜೆಕ್ಟಿನ ಪಟ್ಟಿಯಲ್ಲಿ ಅದನ್ನು ಬರೆಯುವುದೇ ಮರೆತೆ. ನನ್ನಲ್ಲಿ ಓಡಿತು, ಗೆಳೆಯನ ಕಂಪ್ಯೂಟರಿನಲ್ಲಿ ಓಡಲಿಲ್ಲ. ಅಂದಿನಿಂದ ಪಟ್ಟಿ ಎರಡಾಯಿತು. ಕೋಡ್ ತಿದ್ದಲು, ಪರೀಕ್ಷಿಸಲು ನನಗೆ ಬೇಕಾದ ಸಲಕರಣೆಗಳದ್ದು ಒಂದು, ಪ್ರೋಗ್ರಾಮಿಗೆ ಬೇಕಾದದ್ದು ಇನ್ನೊಂದು. ಎರಡನೆಯದು ಪ್ರಾಜೆಕ್ಟಿನ ಜೊತೆಗೇ ಇರುತ್ತದೆ.

ಅದಕ್ಕೂ ಒಂದು ನೆರಳು ಪಟ್ಟಿ ಬೇಕು. ರಿಕ್ವೆಸ್ಟ್ಸ್ ಒಂದನ್ನೇ ಕೇಳಿದರೂ ಅದರ ಬಾಲ ಹಿಡಿದು ಯುಆರ್‌ಎಲ್‌ಲಿಬ್3, ಸರ್ಟಿಫೈ, ಐಡಿಎನ್‌ಎ, ಚಾರ್‌ಸೆಟ್-ನಾರ್ಮಲೈಸರ್ ಎಂಬ ನಾಲ್ಕು ಬರುತ್ತವೆ. ಇವತ್ತು ಬಂದ ಆವೃತ್ತಿಯೇ ಮುಂದಿನ ವರ್ಷವೂ ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಐದರ ಆವೃತ್ತಿಯನ್ನೂ ಅಂಕಿಸಮೇತ ಬರೆದಿಡುವ ‘ಲಾಕ್ ಫೈಲ್’ ಬೇಕು. ಕೈಯಲ್ಲಿ ಬರೆಯುವ ಪಟ್ಟಿ ಚಿಕ್ಕದಿರಲಿ. ಲಾಕ್ ಫೈಲನ್ನು ಯಂತ್ರವೇ ಬರೆಯಲಿ.

ಪಟ್ಟಿ ಸರಿಯಿದ್ದರೆ ಕೋಣೆಯ ಮೇಲೆ ಮೋಹ ಬೇಡ. ಅದನ್ನು ಇನ್ನೊಂದು ಕಡೆಗೆ ಸರಿಸಲೂ ಆಗುವುದಿಲ್ಲ. ಒಳಗಿನ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಪೈಥಾನಿನ ಪೂರ್ತಿ ವಿಳಾಸ ಅಚ್ಚಾಗಿರುತ್ತದೆ. ಫೋಲ್ಡರಿನ ಹೆಸರು ಸುಮ್ನೆ ಬದಲಿಸಿದರೂ ಆ ಸ್ಕ್ರಿಪ್ಟುಗಳು ದಾರಿ ತಪ್ಪುತ್ತವೆ. ಸರಿಪಡಿಸುತ್ತ ಕೂರುವುದಕ್ಕಿಂತ ಅಳಿಸಿ ಹೊಸದು ಕಟ್ಟುವುದೇ ವಾಸಿ.

ಈಗ ಆಗಾಗ ನಾನೇ ಬೇಕೆಂದು ಅಳಿಸುತ್ತೇನೆ. ಕಳೆದ ಸಲ ಸ್ಕ್ರಿಪ್ಟ್ ಓಡಿತು, ಕೋಣೆ ಎದ್ದಿತು, ಪ್ರೋಗ್ರಾಮ್ ಮಾತ್ರ ಮೂರನೇ ಸಾಲಿಗೇ ನಿಂತಿತು. ಯಾವುದೋ ರಾತ್ರಿ ಅವಸರದಲ್ಲಿ ಕೈಯಾರೆ ಇನ್‌ಸ್ಟಾಲ್ ಮಾಡಿದ್ದ ಒಂದು ಪ್ಯಾಕೇಜು ಪಟ್ಟಿಗೆ ಸೇರಿರಲೇ ಇಲ್ಲ. ಸೇರಿಸಿದೆ, ಮತ್ತೆ ಅಳಿಸಿದೆ, ಮತ್ತೆ ಕಟ್ಟಿದೆ.